ಅಜ್ಜಿಯ ಹಿತ್ತಾಳೆ ಪಾತ್ರೆಯಲ್ಲಿ ಬೆಂದ ಕಡುಬು ನಿಜಕ್ಕೂ ಹೆಚ್ಚು ಆರೋಗ್ಯಕರವೇ? ಹಬೆ, ಬೆಲ್ಲ, ಕಲಾಯಿ ಬಗ್ಗೆ ತಿಳಿಯಬೇಕಾದ ವಿಷಯಗಳು

ಗಣೇಶ ಚೌತಿ ಹತ್ತಿರ ಬಂತೆಂದರೆ ವಾಟ್ಸಾಪ್‌ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡಲು ಶುರುವಾಗುತ್ತದೆ. ಹಬೆಯಾಡುವ ಹಳೆಯ ಹಿತ್ತಾಳೆ ಪಾತ್ರೆಯ ಫೋಟೊ, ಅದರ ಕೆಳಗೆ ನಾಲ್ಕೈದು ಸಾಲು. ಕಡುಬು ಎಣ್ಣೆಯಲ್ಲಿ ಕರಿದದ್ದಲ್ಲ, ಹಬೆಯಲ್ಲಿ ಬೆಂದದ್ದು. ಸಕ್ಕರೆ ಇಲ್ಲ, ಬೆಲ್ಲ. ಹಿತ್ತಾಳೆಯಲ್ಲಿರುವ ತಾಮ್ರ ಮತ್ತು ಸತುವಿನ ಅಂಶ ಹಬೆಯ ಜೊತೆ ಕಡುಬಿಗೆ ಇಳಿಯುತ್ತದೆ. ಹಾಗಾಗಿ ಸಕ್ಕರೆ ಕಾಯಿಲೆ ಇರುವವರೂ ಧಾರಾಳವಾಗಿ ತಿನ್ನಬಹುದು. ಕೊನೆಗೆ ಒಂದು ಕರೆ: ಅಲ್ಯೂಮಿನಿಯಂ ಪಾತ್ರೆ ಬಿಸಾಡಿ, ಅಜ್ಜಿಯ ಪಾತ್ರೆಯನ್ನು ಅಟ್ಟದಿಂದ ಇಳಿಸಿ.

ಈ ಸಾಲುಗಳಲ್ಲಿ ಮೊದಲನೆಯದು ಬಹುಮಟ್ಟಿಗೆ ಸರಿ. ಎರಡನೆಯದು ಅರ್ಧ ಸತ್ಯ. ಮೂರನೆಯದು ತಪ್ಪು. ನಾಲ್ಕನೆಯದನ್ನು ನಂಬಿದರೆ ಮನೆಯಲ್ಲಿ ಯಾರಿಗಾದರೂ ತೊಂದರೆಯಾಗಬಹುದು. ಕೊನೆಯ ಕರೆಯನ್ನು ಪಾಲಿಸುವ ಮೊದಲು ಪಾತ್ರೆಯ ಒಳಭಾಗವನ್ನು ಒಮ್ಮೆ ನೋಡಬೇಕು. ಯಾಕೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

ಯಾವ ಕಡುಬಿನ ಮಾತು?

ಕಡುಬು ಅಂದರೆ ಕರ್ನಾಟಕದಲ್ಲಿ ಒಂದೇ ತಿಂಡಿ ಅಲ್ಲ, ಅದು ದೊಡ್ಡ ಕುಟುಂಬ. ಮಲೆನಾಡಿನಲ್ಲಿ ಅಕ್ಕಿ ತರಿಯನ್ನು ನೀರಲ್ಲಿ ಗೊಟಾಯಿಸಿ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವ ಕಡುಬು. ಕರಾವಳಿಯಲ್ಲಿ ಹಲಸಿನ ಎಲೆಯ ಕೊಟ್ಟೆಯಲ್ಲಿ ಉದ್ದು-ಅಕ್ಕಿ ಹಿಟ್ಟು ಹುಯ್ದು ಬೇಯಿಸುವ ಕೊಟ್ಟೆ ಕಡುಬು, ಕೇದಗೆ ಜಾತಿಯ ಎಲೆಯಲ್ಲಿ ಮೂಡೆ, ಅರಿಶಿನ ಎಲೆಯಲ್ಲಿ ಮಡಚಿದ ಸಿಹಿ ಕಡುಬು. ಹಳೇ ಮೈಸೂರು ಕಡೆ ಅಕ್ಕಿ ಹಿಟ್ಟಿನ ಹೊದಿಕೆಗೆ ಕಾಯಿ-ಬೆಲ್ಲದ ಹೂರಣ ತುಂಬಿದ್ದು, ಜೊತೆಗೆ ಬೇಳೆಯ ನುಚ್ಚಿನುಂಡೆ. ಉತ್ತರ ಕರ್ನಾಟಕದಲ್ಲಿ ಹೂರಣ ತುಂಬಿ ಕರಿದ ಕರಿಗಡುಬು, ಅದನ್ನೇ ಕುದಿಸಿ ಅಥವಾ ಹಬೆಯಲ್ಲಿ ಬೇಯಿಸುವ ಪದ್ಧತಿಯೂ ಇದೆ.

ಬೇಯಿಸುವ ಪಾತ್ರೆಗೂ ಊರಿಗೊಂದು ಹೆಸರು. ಹವ್ಯಕರ ಮನೆಗಳಲ್ಲಿ ಅದು ಅಟ್ಟಿನಳಗೆ, ತುಳುನಾಡಿನಲ್ಲಿ ತೊಂದೂರು, ಉಳಿದೆಡೆ ಇಡ್ಲಿ ಪಾತ್ರೆ ಅಥವಾ ಕಡುಬಿನ ಪಾತ್ರೆ. ರಚನೆ ಮಾತ್ರ ಎಲ್ಲ ಕಡೆ ಒಂದೇ. ಕೆಳಗೆ ನೀರು, ನಡುವೆ ತೂತಿನ ತಟ್ಟೆ, ಮೇಲೆ ಗುಮ್ಮಟದಂತೆ ಉಬ್ಬಿದ ಮುಚ್ಚಳ. ಹಳೆಯವು ಹೆಚ್ಚಾಗಿ ಹಿತ್ತಾಳೆ ಅಥವಾ ತಾಮ್ರದವು. ತವರುಮನೆಯಿಂದ ಬಂದದ್ದು, ಮದುವೆಗೆ ಕೊಟ್ಟದ್ದು, ಪಾಲಾಗುವಾಗ ಯಾರಿಗೆ ಹೋಗಬೇಕೆಂದು ಸಣ್ಣ ಜಗಳಕ್ಕೂ ಕಾರಣವಾದದ್ದು. ಅದಕ್ಕೇ ಈ ಪಾತ್ರೆಯ ಮೇಲಿನ ಸಂದೇಶಗಳು ಬೇಗ ಹರಡುತ್ತವೆ. ಸಂವಹನ ಓದಿದವಳಾಗಿ ನನಗೆ ಕಾಣುವುದು ಇಷ್ಟು: ಇಂಥ ಫಾರ್ವರ್ಡ್‌ ಪಾತ್ರೆಯನ್ನಷ್ಟೇ ಹೊಗಳುವುದಿಲ್ಲ, ನಮ್ಮ ಅಜ್ಜಿಯನ್ನೂ ಹೊಗಳುತ್ತದೆ. ಅದನ್ನು ಪ್ರಶ್ನಿಸಿದರೆ ಹಿರಿಯರ ಜಾಣತನವನ್ನೇ ಪ್ರಶ್ನಿಸಿದಂತೆ ಕಾಣುತ್ತದೆ, ಹಾಗಾಗಿ ಯಾರೂ ಬಾಯಿ ಬಿಡುವುದಿಲ್ಲ.

ಹಬೆ ಹೇಗೆ ಬೇಯಿಸುತ್ತದೆ?

ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಎತ್ತರದ ಊರಲ್ಲಿ ಇನ್ನೂ ಸ್ವಲ್ಪ ಕಡಿಮೆ. ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿ. ಒಲೆಯ ಉರಿ ಎಷ್ಟೇ ಜೋರು ಮಾಡಿದರೂ ಮುಚ್ಚಳ ಬಿಗಿಯಾಗಿ ಒತ್ತಡ ಕಟ್ಟದ ಪಾತ್ರೆಯಲ್ಲಿ ಹಬೆಯ ಬಿಸಿ ಅದಕ್ಕಿಂತ ಮೇಲೆ ಹೋಗುವುದಿಲ್ಲ, ನೀರು ಬೇಗ ಆರುತ್ತದೆ ಅಷ್ಟೆ.

ಹಾಗಿದ್ದೂ ಹಬೆ ಚೆನ್ನಾಗಿ ಬೇಯಿಸುತ್ತದೆ. ಕಾರಣ ಹಬೆಯೊಳಗೆ ಅಡಗಿರುವ ಶಾಖ. ಮಂಜುಗಡ್ಡೆಯಷ್ಟು ತಣ್ಣಗಿನ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾದ ಶಾಖಕ್ಕಿಂತ ಐದು ಪಟ್ಟಿಗೂ ಹೆಚ್ಚು ಶಾಖ, ಆ ಕುದಿಯುವ ನೀರು ಆವಿಯಾಗಲು ಬೇಕು. ಆವಿ ಕಡುಬಿಗೆ ತಾಗಿ ಮತ್ತೆ ನೀರಾಗುವಾಗ ಆ ಶಾಖವನ್ನೆಲ್ಲ ಬಿಟ್ಟುಕೊಡುತ್ತದೆ. ಹಬೆ ತಾಗಿದ ಸುಟ್ಟಗಾಯ ಬಿಸಿನೀರು ಬಿದ್ದದ್ದಕ್ಕಿಂತ ಜೋರಾಗುವುದೂ ಇದೇ ಕಾರಣಕ್ಕೆ.

ಕರಿಯುವಾಗ ಎಣ್ಣೆ ಸಾಮಾನ್ಯವಾಗಿ 170ರಿಂದ 180 ಡಿಗ್ರಿ ಇರುತ್ತದೆ. ಹಿಟ್ಟಿನ ಪದಾರ್ಥಗಳು 120 ಡಿಗ್ರಿಗಿಂತ ಹೆಚ್ಚಿನ ಒಣ ಬಿಸಿಗೆ ಸಿಕ್ಕಾಗ ಅಕ್ರಿಲಮೈಡ್ ಎಂಬ ರಾಸಾಯನಿಕ ಹುಟ್ಟುತ್ತದೆ ಎಂದು 2002ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಕ್ಯಾನ್ಸರ್‌ಗೆ ಕಾರಣವಾಗಿದೆ, ಹಾಗಾಗಿ ಆಹಾರದಲ್ಲಿ ಕಡಿಮೆ ಇದ್ದಷ್ಟೂ ಒಳ್ಳೆಯದು ಎಂಬುದು ತಜ್ಞರ ನಿಲುವು. ಕುದಿಸಿದ, ಹಬೆಯಲ್ಲಿ ಬೇಯಿಸಿದ ತಿಂಡಿಯಲ್ಲಿ ಈ ತೊಂದರೆ ಇಲ್ಲ. ಎಣ್ಣೆ ಹೀರುವ ಪ್ರಶ್ನೆಯೂ ಇಲ್ಲ. ಇವೆರಡೂ ಹಬೆಯ ನಿಜವಾದ ಲಾಭ. ಆದರೆ ಇದು ಸ್ಟೀಲ್ ಕುಕ್ಕರಿನಲ್ಲಿ ವೇಟ್ ತೆಗೆದು ಬೇಯಿಸಿದರೂ ಅಷ್ಟೇ ಸಿಗುತ್ತದೆ.

ದಪ್ಪ ಹಿತ್ತಾಳೆ ಶಾಖವನ್ನು ಎಲ್ಲ ಕಡೆ ಸಮನಾಗಿ ಹರಡುತ್ತದೆ ಎನ್ನುವುದು ನಿಜ. ಸ್ಟೀಲಿಗಿಂತ ಅದು ಬಹಳ ಒಳ್ಳೆಯ ಶಾಖವಾಹಕ. ಹುರಿಯುವಾಗ, ಪಾಕ ಮಾಡುವಾಗ ಆ ವ್ಯತ್ಯಾಸ ಕಾಣುತ್ತದೆ. ಹಬೆಯಲ್ಲಿ ಕಾಣುವುದಿಲ್ಲ, ಯಾಕೆಂದರೆ ಇಲ್ಲಿ ಬಿಸಿಯನ್ನು ನಿರ್ಧರಿಸುವುದು ಲೋಹ ಅಲ್ಲ, ನೀರು. ಹಳೆಯ ಪಾತ್ರೆಯಲ್ಲಿ ನಿಜಕ್ಕೂ ಮೆಚ್ಚಬೇಕಾದದ್ದು ಅದರ ಉಬ್ಬಿದ ಮುಚ್ಚಳ. ಚಪ್ಪಟೆ ಮುಚ್ಚಳದಲ್ಲಿ ಸೇರುವ ನೀರಿನ ಹನಿ ನೇರವಾಗಿ ಕಡುಬಿನ ಮೇಲೆ ಬಿದ್ದು ಅಂಟಂಟು ಮಾಡುತ್ತದೆ. ಗುಮ್ಮಟದ ಮುಚ್ಚಳದಲ್ಲಿ ಹನಿ ಬದಿಗೆ ಜಾರಿ ಇಳಿಯುತ್ತದೆ. ಇದನ್ನು ಮಾಡಿದವರು ಭೌತಶಾಸ್ತ್ರ ಓದಿರಲಿಕ್ಕಿಲ್ಲ, ಕಡುಬು ಮಾತ್ರ ಸಾಕಷ್ಟು ಬೇಯಿಸಿದ್ದರು.

ಎಣ್ಣೆ ಉಳಿಯಿತು, ಬೆಲ್ಲ?

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಸಿಹಿ ಕಡುಬಿಗೆ 25 ಗ್ರಾಂ ಅಕ್ಕಿ ಹಿಟ್ಟು, 15 ಗ್ರಾಂ ಬೆಲ್ಲ, 15 ಗ್ರಾಂ ಹಸಿ ಕಾಯಿತುರಿ ಎಂದುಕೊಳ್ಳಿ. ಹಿಟ್ಟಿನಿಂದ ಸುಮಾರು 90 ಕ್ಯಾಲರಿ, ಬೆಲ್ಲದಿಂದ 57, ಕಾಯಿಯಿಂದ 53. ಒಟ್ಟು 200. ಇದನ್ನೇ ಕರಿದರೆ 5 ಗ್ರಾಂ ಎಣ್ಣೆ ಹೀರಿತು ಎನ್ನೋಣ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲರಿ, ಅಂದರೆ 45 ಹೆಚ್ಚಾಯಿತು. ಹಬೆಯಲ್ಲಿ ಬೇಯಿಸಿ ಅಷ್ಟು ಉಳಿಸಿದೆವು, ಸಂತೋಷ. ಆಮೇಲೆ ಬಿಸಿ ಕಡುಬನ್ನು ಮುರಿದು ಒಂದು ಚಿಕ್ಕ ಚಮಚ ತುಪ್ಪ ಹಾಕಿಕೊಳ್ಳುತ್ತೇವೆ. ಅದೂ 45 ಕ್ಯಾಲರಿ. ಉಳಿಸಿದ್ದು ಅಲ್ಲಿಗೆ ಸರಿ ಹೋಯಿತು.

ಹಬ್ಬದ ದಿನ ಒಬ್ಬರು ನಾಲ್ಕು ಕಡುಬು ತಿನ್ನುವುದು ದೊಡ್ಡ ಮಾತಲ್ಲ. ನಾಲ್ಕು ಅಂದರೆ 100 ಗ್ರಾಂ ಅಕ್ಕಿ ಹಿಟ್ಟು, 60 ಗ್ರಾಂ ಬೆಲ್ಲ. 60 ಗ್ರಾಂ ಬೆಲ್ಲದಲ್ಲಿ ಸಕ್ಕರೆ ಅಂಶವೇ ಸುಮಾರು 50 ಗ್ರಾಂ. ದಿನಕ್ಕೆ 2000 ಕ್ಯಾಲರಿ ತಿನ್ನುವ ವಯಸ್ಕರಿಗೆ, ಹೊರಗಿನಿಂದ ಸೇರಿಸಿದ ಸಕ್ಕರೆ ಹೆಚ್ಚೆಂದರೆ 50 ಗ್ರಾಂ ಒಳಗಿರಲಿ, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯ ಲೆಕ್ಕ. ಅಂದರೆ ದಿನದ ಮಿತಿ ಬೆಳಗಿನ ತಿಂಡಿಗೇ ಮುಗಿಯಿತು. ಪಾಯಸ, ಪಂಚಕಜ್ಜಾಯ ಇನ್ನೂ ಬರಬೇಕು.

ಬೆಲ್ಲ ಸಕ್ಕರೆಗಿಂತ ಕಡಿಮೆ ಸಂಸ್ಕರಿಸಿದ್ದು, ಸ್ವಲ್ಪ ಖನಿಜಾಂಶ ಇದೆ, ರುಚಿಯಂತೂ ಬೇರೆಯೇ. ಆದರೆ ಅದರ ಬಹುಪಾಲು ಸಕ್ಕರೆಯಲ್ಲಿರುವ ಸುಕ್ರೋಸೇ. ಬಾಯಲ್ಲಿ ಬೆಲ್ಲ, ರಕ್ತಕ್ಕೆ ಹೋದ ಮೇಲೆ ಗ್ಲೂಕೋಸ್. ಸಕ್ಕರೆ ಕಾಯಿಲೆ ಇರುವವರಿಗೆ ಬೆಲ್ಲ ಸುರಕ್ಷಿತ ಎನ್ನುವ ಮಾತಿಗೆ ಆಧಾರವಿಲ್ಲ.

ಬೆಲ್ಲವೇ ಇಲ್ಲದ ಮಲೆನಾಡಿನ ಖಾಲಿ ಕಡುಬು? ಅದರಲ್ಲಿ ಎಣ್ಣೆಯೂ ಇಲ್ಲ, ಸಿಹಿಯೂ ಇಲ್ಲ. ಹಾಗಂತ ಅದು ರಕ್ತದ ಸಕ್ಕರೆಯನ್ನು ಏರಿಸುವುದಿಲ್ಲ ಎಂದಲ್ಲ. ಅಕ್ಕಿಯ ಪಿಷ್ಟ ನೀರು ಮತ್ತು ಬಿಸಿ ಸೇರಿದಾಗ ಉಬ್ಬಿ ಸಡಿಲವಾಗುತ್ತದೆ, ಆಗ ನಮ್ಮ ಜೊಲ್ಲು ಮತ್ತು ಕರುಳಿನ ರಸಗಳು ಅದನ್ನು ಬೇಗ ಒಡೆಯುತ್ತವೆ. ಹಬೆಯಲ್ಲಿ ಮೆತ್ತಗೆ ಬೆಂದಷ್ಟೂ ಜೀರ್ಣ ಸುಲಭ. ಜ್ವರ ಬಂದವರಿಗೆ ಇಡ್ಲಿ ಕೊಡುವುದು ಇದಕ್ಕೇ. ಅದೇ ಗುಣ ಸಕ್ಕರೆ ಕಾಯಿಲೆಯವರಿಗೆ ಅನುಕೂಲ ಅಲ್ಲ. ‘ಹೊಟ್ಟೆಗೆ ಹಗುರ’ ಎಂಬುದೂ ‘ಸಕ್ಕರೆ ಏರಿಸದ್ದು’ ಎಂಬುದೂ ಬೇರೆ ಬೇರೆ ಸಂಗತಿ. ಫಾರ್ವರ್ಡ್‌ಗಳು ಇವೆರಡನ್ನು ಕಲಸಿಬಿಡುತ್ತವೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹ ಇದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ಇದ್ದಾರೆ. ನಿಮ್ಮ ಮನೆಯ ಗುಂಪಿನಲ್ಲಿ ಕಡುಬಿನ ಫಾರ್ವರ್ಡ್‌ ಓದುವವರಲ್ಲಿ ಇವರಲ್ಲಿ ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ. ಅವರು ಕಡುಬು ತಿನ್ನಲೇಬಾರದು ಎಂದೇನಿಲ್ಲ. ಒಂದೋ ಎರಡೋ ತಿಂದು, ಆ ಹೊತ್ತಿನ ಅನ್ನವನ್ನು ಅಷ್ಟು ಕಡಿಮೆ ಮಾಡಿ, ಎರಡು ಗಂಟೆ ಬಿಟ್ಟು ಮನೆಯ ಗ್ಲೂಕೋಮೀಟರಿನಲ್ಲಿ ನೋಡಿಕೊಂಡರೆ ತಮ್ಮ ದೇಹಕ್ಕೆ ಎಷ್ಟು ಒಗ್ಗುತ್ತದೆ ಎಂದು ಅವರಿಗೇ ಗೊತ್ತಾಗುತ್ತದೆ. ಹಬ್ಬ ಎಂದು ಮಾತ್ರೆ ಅಥವಾ ಇನ್ಸುಲಿನ್ ಪ್ರಮಾಣವನ್ನು ತಾವೇ ಬದಲಾಯಿಸಬಾರದು, ವೈದ್ಯರನ್ನು ಕೇಳಬೇಕು.

ಹಿತ್ತಾಳೆಯ ಸತ್ವ ಕಡುಬಿಗೆ ಇಳಿಯುತ್ತದೆಯೇ?

ಇದಕ್ಕೆ ಉತ್ತರ ಶಾಲೆಯಲ್ಲಿ ಓದಿದ ಬಟ್ಟಿ ಇಳಿಸುವ ಪಾಠದಲ್ಲೇ ಇದೆ. ಉಪ್ಪುನೀರನ್ನು ಕುದಿಸಿದರೆ ಆವಿಯಾಗಿ ಹೋಗುವುದು ಬರೀ ನೀರು, ಉಪ್ಪು ತಳದಲ್ಲೇ ಉಳಿಯುತ್ತದೆ. ತಾಮ್ರ, ಸತು, ಸೀಸ ಯಾವುದಾದರೂ ಅಷ್ಟೇ. ಪಾತ್ರೆಯ ತಳದಿಂದ ನೀರಿಗೆ ಸ್ವಲ್ಪ ಲೋಹ ಕರಗಿದರೂ ಅದು ಹಬೆಯ ಜೊತೆ ಮೇಲೇರಿ ಕಡುಬಿಗೆ ಸೇರುವುದಿಲ್ಲ. ನೀರು ಜೋರಾಗಿ ಕುದಿದು ತೂತಿನ ತಟ್ಟೆಯ ಮೇಲಕ್ಕೆ ಸಿಡಿದರೆ ಮಾತ್ರ ಕಡುಬಿಗೆ ತಾಗಬಹುದು. ಹಾಗಾಗಿ ಹಿತ್ತಾಳೆ ಪಾತ್ರೆಯ ಹಬೆಯಲ್ಲಿ ಬೆಂದ ಕಡುಬಿನಲ್ಲಿ ವಿಶೇಷ ಖನಿಜ ಸಿಗುತ್ತದೆ ಎಂಬುದು ಕಲ್ಪನೆ. ಅದೇ ತರ್ಕದಿಂದ, ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿದ ಕಡುಬಿಗೆ ಪಾತ್ರೆಯಿಂದ ಅಪಾಯವೂ ತೀರಾ ಕಡಿಮೆ.

ಅಪಾಯ ಶುರುವಾಗುವುದು ಆಹಾರ ನೇರವಾಗಿ ಲೋಹಕ್ಕೆ ತಾಗಿದಾಗ, ಅದರಲ್ಲೂ ಹುಳಿ ಪದಾರ್ಥ. ಉದ್ದು-ಅಕ್ಕಿ ಹಿಟ್ಟು ರಾತ್ರಿಯಿಡೀ ಹುದುಗಿ ಹುಳಿಯಾಗುತ್ತದೆ. ಅದನ್ನು ಕಲಾಯಿ ಇಲ್ಲದ ಹಿತ್ತಾಳೆ ತಟ್ಟೆಗೆ ನೇರ ಹುಯ್ದರೆ, ಅಥವಾ ಹಿಟ್ಟನ್ನು ಆ ಪಾತ್ರೆಯಲ್ಲೇ ಹುದುಗಲು ಇಟ್ಟರೆ, ತಾಮ್ರ ಕರಗುತ್ತದೆ. ತಾಮ್ರ ನಮ್ಮ ದೇಹಕ್ಕೆ ಬೇಕು, ಆದರೆ ಬಹಳ ಅಲ್ಪ. ಅದು ಕಾಳು, ಬೇಳೆ, ಬೀಜಗಳಲ್ಲೇ ಸಿಗುತ್ತದೆ. ಒಮ್ಮೆಲೇ ಹೆಚ್ಚಾದರೆ ಹೊಟ್ಟೆ ತೊಳಸುವುದು, ವಾಂತಿ, ಹೊಟ್ಟೆನೋವು. ಪಿಎಚ್ 6ಕ್ಕಿಂತ ಕಡಿಮೆ ಇರುವ, ಅಂದರೆ ಹುಳಿಯಾದ ಆಹಾರ ತಾಮ್ರ ಮತ್ತು ಹಿತ್ತಾಳೆಗೆ ನೇರ ತಾಗಬಾರದು ಎಂದು ಅಮೆರಿಕದ ಆಹಾರ ಸುರಕ್ಷತಾ ಸಂಹಿತೆ ಹೇಳುತ್ತದೆ. ನಮ್ಮ ಹಿರಿಯರಿಗೂ ಇದು ಗೊತ್ತಿತ್ತು. ಅದಕ್ಕೇ ಹುಳಿ, ಸಾರು, ಮಜ್ಜಿಗೆಗೆ ಕಲಾಯಿ ಹಾಕಿಸಿದ ಪಾತ್ರೆ ಅಥವಾ ಕಲ್ಲಿನ ಮರಿಗೆ ಬಳಸುತ್ತಿದ್ದರು. ಫಾರ್ವರ್ಡ್‌ಗಳು ಅಜ್ಜಿಯ ಪಾತ್ರೆಯನ್ನು ನೆನಪಿಸಿಕೊಳ್ಳುತ್ತವೆ, ಅಜ್ಜಿ ವರ್ಷಕ್ಕೊಮ್ಮೆ ಕಲಾಯಿಯವನನ್ನು ಕಾಯುತ್ತಿದ್ದದ್ದನ್ನು ಮರೆಯುತ್ತವೆ.

ಕಲಾಯಿ ಮತ್ತು ಸೀಸ

ಕಲಾಯಿ ಎಂದರೆ ಪಾತ್ರೆಯ ಒಳಮೈಗೆ ತವರದ ತೆಳು ಲೇಪ. ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿಯನ್ನು ಮುಟ್ಟಿಸಿ ಹತ್ತಿಯಿಂದ ಒರೆಸಿದರೆ ಬೆಳ್ಳಗೆ ಹೊಳೆಯುತ್ತದೆ. ತವರ ಆಹಾರಕ್ಕೆ ಸುರಕ್ಷಿತ. ಆದರೆ ಅದು ಕರಗುವುದು 232 ಡಿಗ್ರಿಯಲ್ಲಿ. ಪಾತ್ರೆಯಲ್ಲಿ ನೀರು ಇರುವವರೆಗೆ ಬಿಸಿ 100 ದಾಟುವುದಿಲ್ಲ, ಕಲಾಯಿಗೆ ಏನೂ ಆಗುವುದಿಲ್ಲ. ನೀರು ಪೂರ್ತಿ ಆರಿ ಖಾಲಿ ಪಾತ್ರೆ ಉರಿಯ ಮೇಲೆ ಉಳಿದರೆ ಲೇಪ ಕರಗಿ ಹನಿ ಕಟ್ಟುತ್ತದೆ. ಹಳಬರು ಕಡುಬಿನ ಪಾತ್ರೆಯ ನೀರಿಗೆ ಒಂದು ನಾಣ್ಯ ಅಥವಾ ಚಿಕ್ಕ ಕಲ್ಲು ಹಾಕುತ್ತಿದ್ದರಲ್ಲ, ಅದು ಟಕಟಕ ಎನ್ನುವುದು ನಿಂತರೆ ನೀರು ಮುಗಿಯಿತು ಎಂದು ಅರ್ಥ. ಈ ಉಪಾಯವನ್ನು ಈಗಲೂ ಮಾಡಬಹುದು.

ಚಿಂತೆ ಇರುವುದು ತವರದ ಬಗ್ಗೆ ಅಲ್ಲ, ಅದರ ಜೊತೆ ಬರಬಹುದಾದ ಸೀಸದ ಬಗ್ಗೆ. ತವರ ದುಬಾರಿ, ಸೀಸ ಅಗ್ಗ, ಎರಡೂ ಬೆರೆತರೆ ಇನ್ನೂ ಕಡಿಮೆ ಬಿಸಿಯಲ್ಲಿ ಕರಗಿ ಕೆಲಸ ಸುಲಭವಾಗುತ್ತದೆ. ಬೆಸುಗೆ ಹಾಕುವ ಹಳೆಯ ತಂತಿಯೂ ತವರ-ಸೀಸದ ಬೆರಕೆಯೇ. ಹಳೆಯ ಹಿತ್ತಾಳೆಯಲ್ಲೇ ಸೀಸ ಸೇರಿರಬಹುದು, ತೂತಾದಾಗ ಹಾಕಿಸಿದ ಬೆಸುಗೆಯಲ್ಲೂ ಇರಬಹುದು. 2025ರ ಆಗಸ್ಟ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು ಹೊರದೇಶಗಳಿಂದ ಬಂದ ಕೆಲವು ಅಲ್ಯೂಮಿನಿಯಂ, ಹಿತ್ತಾಳೆ ಮತ್ತು ಹಿಂಡಾಲಿಯಂ ಪಾತ್ರೆಗಳಿಂದ ಆಹಾರಕ್ಕೆ ಸೀಸ ಇಳಿಯಬಹುದು ಎಂದು ಎಚ್ಚರಿಕೆ ಕೊಟ್ಟಿತ್ತು. ಹೊರದೇಶದಲ್ಲಿರುವ ಕನ್ನಡಿಗರು ಊರಿನಿಂದ ಪಾತ್ರೆ ಹೊತ್ತೊಯ್ಯುವುದು ಸಾಮಾನ್ಯ, ಅವರು ಇದನ್ನು ಗಮನಿಸಬೇಕು.

ಸೀಸಕ್ಕೆ ಇಷ್ಟರವರೆಗೆ ಸುರಕ್ಷಿತ ಎನ್ನುವ ಮಟ್ಟ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೊಡ್ಡವರಿಗೆ ಹೋಲಿಸಿದರೆ ಚಿಕ್ಕ ಮಕ್ಕಳ ದೇಹ ಅದನ್ನು ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಮಿದುಳಿನ ಬೆಳವಣಿಗೆ, ಕಲಿಕೆ, ನಡವಳಿಕೆ ಎಲ್ಲಕ್ಕೂ ಹೊಡೆತ. ಗರ್ಭಿಣಿಯಿಂದ ಹೊಟ್ಟೆಯಲ್ಲಿರುವ ಮಗುವಿಗೂ ಹೋಗುತ್ತದೆ. ತೊಂದರೆ ಏನೆಂದರೆ ಸೀಸಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಕಣ್ಣಿಗೆ ಕಾಣುವುದಿಲ್ಲ. ಹೊಳೆಯುವ ಕಲಾಯಿ ಶುದ್ಧ ತವರದ್ದೋ ಬೆರಕೆಯೋ ಎಂದು ನೋಡಿ ಹೇಳಲಾಗದು. ಲೋಹ ಪರೀಕ್ಷಿಸುವ ಎಕ್ಸ್‌ಆರ್‌ಎಫ್ ಯಂತ್ರದಿಂದ ತಿಳಿಯಬಹುದು. ಚಿನ್ನದ ಶುದ್ಧತೆ ನೋಡುವ ಕಡೆಗಳಲ್ಲಿ ಆ ಬಗೆಯ ಯಂತ್ರ ಇರುತ್ತದೆ, ಆದರೆ ಪಾತ್ರೆ ಪರೀಕ್ಷಿಸಿಕೊಡುತ್ತಾರೆಯೇ ಎಂದು ಕೇಳಬೇಕು. ನೀವು ಮನೆಯಲ್ಲೇ ನೋಡಬಹುದಾದದ್ದು ಇಷ್ಟು: ಒಳಗೆ ಹಸಿರು ಕಿಲುಬು ಇದೆಯೇ, ಕಲಾಯಿ ಎದ್ದು ಹಳದಿ ಅಥವಾ ಕೆಂಪು ಲೋಹ ಕಾಣುತ್ತಿದೆಯೇ, ಬೂದು ಬಣ್ಣದ ಬೆಸುಗೆಯ ಗುರುತು ಇದೆಯೇ. ಇದ್ದರೆ ಹಬೆಗೆ ನೀರು ಕಾಯಿಸಲು ಮಾತ್ರ ಬಳಸಿ, ನಡುವಿನ ತಟ್ಟೆಯನ್ನು ಸ್ಟೀಲಿನದಕ್ಕೆ ಬದಲಾಯಿಸಿ. ತಳದಲ್ಲಿ ಉಳಿದ ಬಿಸಿನೀರನ್ನು ಸಾರಿಗೆ, ಹಿಟ್ಟು ಕಲಸಲು ಉಪಯೋಗಿಸಬೇಡಿ. ಲೋಹ ಕರಗಿದ್ದರೆ ಅದು ಸೇರಿರುವುದು ಅಲ್ಲೇ.

ಮಗುವಿಗೆ ಸೀಸ ತಾಗಿರಬಹುದು ಎಂಬ ಅನುಮಾನ ಇದ್ದರೆ ರಕ್ತದಲ್ಲಿ ಸೀಸದ ಮಟ್ಟ ನೋಡುವ ಪರೀಕ್ಷೆ ಇದೆ, ಮಕ್ಕಳ ವೈದ್ಯರಲ್ಲಿ ಕೇಳಿ. ನಿಂಬೆನೀರು, ಕೊತ್ತಂಬರಿ ಸೊಪ್ಪಿನ ರಸ ಕುಡಿದು ಸೀಸ ಹೊರಹಾಕಿ ಎನ್ನುವ ಸಂದೇಶ ಬಂದರೆ ಅದನ್ನು ಅಲ್ಲಿಗೇ ಬಿಡಿ.

ಹಾಗಾದರೆ ಅಲ್ಯೂಮಿನಿಯಂ ಬಿಸಾಡಬೇಕೆ?

ಅಲ್ಯೂಮಿನಿಯಂ ಪಾತ್ರೆಯಿಂದ ಮರೆವಿನ ರೋಗ ಬರುತ್ತದೆ ಎಂಬ ಮಾತು ಹಳೆಯದು. 1965ರಲ್ಲಿ ಮೊಲಗಳ ಮಿದುಳಿಗೆ ಅಲ್ಯೂಮಿನಿಯಂ ಲವಣ ಚುಚ್ಚಿದ ಪ್ರಯೋಗದಿಂದ ಈ ಅನುಮಾನ ಹುಟ್ಟಿತು. ಆಮೇಲೆ ದಶಕಗಳ ಕಾಲ ಸಂಶೋಧನೆ ನಡೆದರೂ ಅಡುಗೆ ಪಾತ್ರೆಯಿಂದ ಆಲ್ಝೈಮರ್ಸ್ ಬರುತ್ತದೆ ಎಂದು ಸಾಬೀತಾಗಿಲ್ಲ. ನಾವು ತಿನ್ನುವ ಅಲ್ಯೂಮಿನಿಯಂನಲ್ಲಿ ಶೇ. 1ಕ್ಕಿಂತ ಕಡಿಮೆ ಮಾತ್ರ ದೇಹ ಹೀರಿಕೊಳ್ಳುತ್ತದೆ, ಉಳಿದದ್ದು ಹೊರಹೋಗುತ್ತದೆ. ಹುಳಿ ಪದಾರ್ಥ ಇಡಬಾರದು ಎಂಬ ಎಚ್ಚರ ಇದಕ್ಕೂ ಅನ್ವಯಿಸುತ್ತದೆ. ಹಬೆಗೆ ಬಳಸುವ ಇಡ್ಲಿ ಪಾತ್ರೆ ಅಲ್ಯೂಮಿನಿಯಂನದ್ದಾದರೂ ಗಾಬರಿಪಡಬೇಕಿಲ್ಲ. ಹಳೆಯ ಲೋಹದ ಚೂರುಗಳನ್ನು ಕರಗಿಸಿ ಮಾಡಿದ, ಗುರುತಿಲ್ಲದ ಅಗ್ಗದ ಎರಕದ ಪಾತ್ರೆಗಳನ್ನು ಕೊಳ್ಳದಿರುವುದು ಒಳ್ಳೆಯದು. ಸೀಸದ ಪ್ರಶ್ನೆ ಅಲ್ಲಿಯೂ ಇದೆ.

ಎಲೆ ಬೇಕು, ಪ್ಲಾಸ್ಟಿಕ್ ಬೇಡ

ಅರಿಶಿನ ಎಲೆಯ, ಹಲಸಿನ ಎಲೆಯ ಔಷಧೀಯ ಗುಣ ಕಡುಬಿಗೆ ಬಂದು ರೋಗ ಗುಣವಾಗುತ್ತದೆ ಎನ್ನುವುದು ದೂರದ ಮಾತು. ಬರುವುದು ಪರಿಮಳ, ಅದು ಸಣ್ಣ ಸಂಗತಿಯೇನೂ ಅಲ್ಲ. ಸಿಹಿ ಕಡಿಮೆ ಇದ್ದರೂ ತಿನ್ನಬೇಕು ಅನಿಸುವುದು ಆ ಪರಿಮಳದಿಂದ. ಜೊತೆಗೆ ಎಲೆ ಹಿಟ್ಟನ್ನು ಲೋಹದಿಂದ ದೂರ ಇಡುತ್ತದೆ. 2025ರ ಫೆಬ್ರವರಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆಯ ತಪಾಸಣೆಯಲ್ಲಿ 50ಕ್ಕೂ ಹೆಚ್ಚು ಕಡೆ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುತ್ತಿದ್ದದ್ದು ಕಂಡುಬಂದು, ಅದನ್ನು ನಿಲ್ಲಿಸಲು ಸರ್ಕಾರ ಕ್ರಮ ಕೈಗೊಂಡದ್ದು ನಿಮಗೆ ನೆನಪಿರಬಹುದು. ಮನೆಯಲ್ಲಿ ಎಲೆ ಸಿಗದಿದ್ದರೆ ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆ ಹಾಸಿ. ಬಿಸಿ ಕಡುಬನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಕಳಿಸುವುದನ್ನೂ ಬಿಡಬಹುದು.

ಕಡುಬನ್ನು ನಿಜಕ್ಕೂ ಉತ್ತಮ ಮಾಡುವುದು ಹೇಗೆ?

ಬದಲಾವಣೆ ಪಾತ್ರೆಯಲ್ಲಿ ಅಲ್ಲ, ಅದರೊಳಗೆ ಇಡುವುದರಲ್ಲಿ. ನನ್ನ ಮಟ್ಟಿಗೆ ಕರ್ನಾಟಕದ ಹಬೆ ತಿಂಡಿಗಳಲ್ಲಿ ಮೊದಲ ಸ್ಥಾನ ನುಚ್ಚಿನುಂಡೆಗೆ. ನೆನೆಸಿದ ತೊಗರಿಬೇಳೆ, ಕಡಲೆಬೇಳೆಯನ್ನು ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ಸ್ವಲ್ಪ ಕಾಯಿ, ಹಸಿಮೆಣಸು ಸೇರಿಸಿ ಉಂಡೆ ಕಟ್ಟಿ ಬೇಯಿಸಿದ್ದು. 100 ಗ್ರಾಂ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 8 ಗ್ರಾಂ. ನಾರೂ ಹೆಚ್ಚು, ಪಿಷ್ಟ ನಿಧಾನವಾಗಿ ಜೀರ್ಣವಾಗುತ್ತದೆ. ಸಕ್ಕರೆ ಕಾಯಿಲೆ ಇರುವ ಅತ್ತೆಗೋ ದೊಡ್ಡಪ್ಪನಿಗೋ ಹಬ್ಬದ ದಿನ ತಟ್ಟೆಗೆ ಬಡಿಸಲು ಒಳ್ಳೆಯ ತಿಂಡಿ ಇದು. ಸಿಹಿ ಕಡುಬು ಒಂದು ಪಕ್ಕಕ್ಕಿರಲಿ.

ಅಕ್ಕಿ ಕಡುಬೇ ಬೇಕೆಂದರೆ ನುಣ್ಣನೆಯ ಹಿಟ್ಟಿಗಿಂತ ತರಿ ವಾಸಿ, ಕಣ ದೊಡ್ಡದಾದಷ್ಟೂ ಜೀರ್ಣವಾಗಲು ಸಮಯ ಬೇಕು. ತಿನ್ನುವಾಗ ಬರೀ ಕಾಯಿಚಟ್ನಿ, ಬೆಣ್ಣೆ ಬದಲು ಕಾಳಿನ ಸಾರು, ಸೊಪ್ಪಿನ ಪಲ್ಯ ಹೆಚ್ಚಿಗೆ ಹಾಕಿಕೊಳ್ಳಿ. ರಾಗಿ ಕಡುಬು ಮಾಡಿದರೆ ನಾರು ಮತ್ತು ಕ್ಯಾಲ್ಸಿಯಂ ಸಿಗುತ್ತದೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 11 ಗ್ರಾಂ ನಾರು, 360 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ರಾಗಿ ಅಂದಾಕ್ಷಣ ಎಷ್ಟು ಬೇಕಾದರೂ ತಿನ್ನಬಹುದು ಎಂದು ಮಾತ್ರ ತಿಳಿಯಬೇಡಿ, ಅದೂ ಪಿಷ್ಟವೇ.

ಸಿಹಿ ಕಡುಬಿನಲ್ಲಿ ಹೂರಣದ ಬೆಲ್ಲವನ್ನು ಮೂರನೇ ಒಂದು ಭಾಗ ಇಳಿಸಿ, ಏಲಕ್ಕಿ, ಹುರಿದ ಎಳ್ಳು, ಬೆಂದ ಕಡಲೆಬೇಳೆ ಸೇರಿಸಿ ನೋಡಿ. ಮನೆಯವರಿಗೆ ಮೊದಲೇ ಹೇಳಬೇಡಿ, ಹೇಳಿದರೆ ಸಪ್ಪೆ ಅನ್ನುತ್ತಾರೆ. ಹೊದಿಕೆ ತೆಳ್ಳಗಿರಲಿ, ಗಾತ್ರ ಚಿಕ್ಕದಿರಲಿ. ಕಾಯಿಯಲ್ಲಿ ಮೂರನೇ ಒಂದು ಭಾಗ ಕೊಬ್ಬು, ಅದರಲ್ಲಿ ಬಹುಪಾಲು ಸ್ಯಾಚುರೇಟೆಡ್. ಹಾಗಾಗಿ ಬೆಲ್ಲ ತೆಗೆದ ಜಾಗಕ್ಕೆ ಕಾಯಿ ತುಂಬುವುದು ಪರಿಹಾರವಲ್ಲ. ಹಲಸಿನ ಹಣ್ಣಿನ ಕಡುಬಿಗೆ ಹಣ್ಣು ಚೆನ್ನಾಗಿ ಮಾಗಿದ್ದರೆ ಬೆಲ್ಲ ಬಹಳ ಕಡಿಮೆ ಸಾಕು.

ಉಳಿದ ಕಡುಬು

ದೊಡ್ಡ ಪಾತ್ರೆಯಲ್ಲಿ ಒಂದು ಒಬ್ಬೆಗೆ ಮೂವತ್ತು ನಲವತ್ತು ಬೇಯುತ್ತವೆ, ಉಳಿಯುವುದು ಸಹಜ. ತಾಮ್ರ-ಹಿತ್ತಾಳೆಯಲ್ಲಿ ಇಟ್ಟರೆ ಹಳಸುವುದಿಲ್ಲ ಎಂದು ಮುಚ್ಚಳ ಮುಚ್ಚಿ ರಾತ್ರಿಯಿಡೀ ಬಿಡುವವರಿದ್ದಾರೆ. ತಾಮ್ರದ ಮೈಮೇಲೆ ಬಿದ್ದ ಬ್ಯಾಕ್ಟೀರಿಯಾ ಸಾಯುವುದು ನಿಜ. ಆದರೆ ಕಲಾಯಿ ಹಾಕಿದ ಒಳಮೈ ತಾಮ್ರವಲ್ಲ, ತವರ. ಕಡುಬಿನ ಒಳಗಂತೂ ಯಾವ ಲೋಹವೂ ತಾಗುವುದಿಲ್ಲ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿಯಲ್ಲಿ ಸಾಮಾನ್ಯ, ಅವು ಹಬೆಯ ಬಿಸಿಗೂ ಬದುಕಿ ಉಳಿಯುತ್ತವೆ. ಬೆಚ್ಚಗಿನ ತೇವದಲ್ಲಿ ಗಂಟೆಗಟ್ಟಲೆ ಬಿಟ್ಟರೆ ಬೆಳೆದು ವಿಷ ಬಿಡುತ್ತವೆ. ಅದರಲ್ಲಿ ವಾಂತಿ ತರಿಸುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ತಿಂದು ಉಳಿದದ್ದನ್ನು ಎರಡು ಗಂಟೆಯೊಳಗೆ ಪಾತ್ರೆಯಿಂದ ತೆಗೆದು ಫ್ರಿಜ್ಜಿಗೆ ಇಡಿ. ಮರುದಿನ ಪುಡಿ ಮಾಡಿ ಸಾಸಿವೆ, ಉದ್ದಿನಬೇಳೆ, ಈರುಳ್ಳಿ ಒಗ್ಗರಣೆ ಕೊಟ್ಟರೆ ಇನ್ನೊಂದು ತಿಂಡಿಯಾಯಿತು. ತಣ್ಣಗಾದ ಅಕ್ಕಿಯ ಪಿಷ್ಟದಲ್ಲಿ ಒಂದು ಸಣ್ಣ ಪಾಲು ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ, ಅಷ್ಟರ ಮಟ್ಟಿಗೆ ಸಕ್ಕರೆ ಕಡಿಮೆ ಏರುತ್ತದೆ. ಆ ಪಾಲು ಸಣ್ಣದು, ಹಾಗಾಗಿ ಒಗ್ಗರಣೆ ಕಡುಬನ್ನೂ ಅಳತೆಯಲ್ಲೇ ತಿನ್ನಬೇಕು.